ಇಸ್ತ್ರಿ ಬಿದ್ದ ನೋಟುಗಳು

ಹಳೇ ನೋಟಿನ ವ್ಯಾಪಾರಿ ಡ್ವೇನ್ ನೋಟನ್ನು ದೀಪಕ್ಕೆ ಓರೆಯಾಗಿ ಹಿಡಿದು ಅದರ ಬೆನ್ನು ನೋಡಿದ. ೧೮೯೯ರ ಒಂದು ಡಾಲರ್. ಮುಖದಲ್ಲಿ ಹದ್ದು, ನೀಲಿ ಮುದ್ರೆ. ತಂದುಕೊಟ್ಟವರಿಗೆ ಬೆಳ್ಳಿ ಕೊಡುತ್ತೇವೆಂದು ಸರ್ಕಾರ ಒಂದು ಕಾಲದಲ್ಲಿ ಮಾತು ಕೊಟ್ಟಿದ್ದ ನೋಟು. ನಂಬರಿನ ಅಚ್ಚೊತ್ತಿದ ಗುರುತು ಬೆನ್ನಲ್ಲಿ ಸಣ್ಣಗೆ ಉಬ್ಬಿರಬೇಕಿತ್ತು. ಇರಲಿಲ್ಲ.

"ಇದಕ್ಕೂ ಇಸ್ತ್ರಿ ಬಿದ್ದಿದೆ, ವರ್ನನ್. ಮೊದಲ್ನೇ ಆಲ್ಬಂ ಪೂರ್ತಿ ಹೀಗೇ. ಎರಡನೇದ್ರಲ್ಲಿ ಒಂದಕ್ಕೂ ಇಲ್ಲ."

ಲೈಮಾ ಊರಿನ ಸಭಾಭವನದಲ್ಲಿ ಭಾನುವಾರದ ಹಳೇ ನಾಣ್ಯ-ನೋಟುಗಳ ಸಂತೆ. ವರ್ನನ್‌ಗೆ ಎಪ್ಪತ್ತನಾಲ್ಕು. ಮಾರ್ಚ್‌ನಲ್ಲಿ ಹೆಂಡತಿ ಆರ್ಲೀನ್ ತೀರಿಕೊಂಡ ಮೇಲೆ ಆಲ್ಬಂ ತೆರೆಯಬೇಕೆನಿಸಿರಲಿಲ್ಲ, ಮಾರಿಬಿಡೋಣವೆಂದು ತಂದಿದ್ದ. ಇಸ್ತ್ರಿಯಿಂದ ಉಬ್ಬು ಹೋದ ನೋಟಿನ ಬೆಲೆ ಅರ್ಧಕ್ಕಿಳಿಯುತ್ತದೆ ಎಂದು ಡ್ವೇನ್ ಹೇಳಿದ್ದು ವರ್ನನ್‌ಗೆ ತಾಗಲಿಲ್ಲ. ಮೊದಲ ಆಲ್ಬಂ ಹೃದಯದ ಆಪರೇಷನ್‌ಗೆ ಮುಂಚಿನದು, ಎರಡನೆಯದು ಆಮೇಲಿನದು ಎಂಬುದಷ್ಟೇ ತಲೆಯಲ್ಲಿತ್ತು.

ಆಪರೇಷನ್ ಆಗಿ ಹನ್ನೊಂದು ವರ್ಷ. ಆಗ ಹದಿನೆಂಟು ದಿನ ಆಸ್ಪತ್ರೆ. ಮನೆಗೆ ಬರುವಾಗ ಕಾರಿನಲ್ಲಿ ಆರ್ಲೀನ್, "ನಿನ್ನ ಶರ್ಟೆಲ್ಲ ಇಸ್ತ್ರಿ ಮಾಡಿಟ್ಟೆ. ಆ ನೋಟುಗಳನ್ನೂ ನೀಟಾಗಿ ಮಾಡಿಟ್ಟಿದ್ದೀನಿ" ಎಂದಿದ್ದಳು. ಎದೆಯ ಹೊಲಿಗೆ ಎಳೆಯುತ್ತಿತ್ತು. ಧೂಳು ಒರೆಸಿರಬೇಕೆಂದುಕೊಂಡು ಹ್ಞೂಂ ಅಂದಿದ್ದ.

ಆಪರೇಷನ್‌ಗೆ ವಾರ ಮುಂಚೆ ಗೆಳೆಯ ಮರ್ಲ್‌ನಿಂದ ಕೊಂಡು ಮೊದಲ ಆಲ್ಬಂಗೆ ಸೇರಿಸಿದ್ದ ಒಂದು ನೋಟನ್ನು ವರ್ನನ್ ಮರುತಿಂಗಳು ದರ್ಜೆ ಗೊತ್ತುಮಾಡುವ ಪರೀಕ್ಷೆಗೆ ಕಳಿಸಿದ. ಇಸ್ತ್ರಿ ಮಾಡಿದ್ದು ಎಂದು ಷರಾ ಬಂತು. ನಾಣ್ಯ ಸಂಗ್ರಾಹಕರ ಕ್ಲಬ್ಬಿನಲ್ಲಿ ಇಪ್ಪತ್ತು ಜನರೆದುರು ಮರ್ಲ್‌ನನ್ನು ಮೋಸಗಾರ ಎಂದು ಕರೆದ, ನೋಟನ್ನು ವಾಪಸ್ ತಗೋ ಅಂದ. ಮರ್ಲ್ ತೆಗೆದುಕೊಳ್ಳದೆ ಎದ್ದು ಹೋದ. ಅಲ್ಲಿಯವರೆಗೆ ಇಪ್ಪತ್ತಾರು ವರ್ಷ ಇಬ್ಬರೂ ಒಂದೇ ಕಾರಿನಲ್ಲಿ ಸಂತೆಗೆ ಬಂದವರು. ಆಮೇಲೆ ಹನ್ನೊಂದು ವರ್ಷ ಮಾತಿಲ್ಲ. ಉಳಿದ ನೋಟುಗಳನ್ನು ವರ್ನನ್ ಬೆಳಕಿಗೆ ಹಿಡಿದು ನೋಡಿರಲಿಲ್ಲ. ಅವುಗಳ ಮೇಲೆ ಅವನಿಗೆ ಅನುಮಾನವೇ ಇರಲಿಲ್ಲ.

ಮರ್ಲ್ ಹಿಂದಿನ ಬಾಗಿಲ ಹತ್ತಿರದ ಮೇಜಿನಲ್ಲಿ ಡೋನಟ್ ತಿನ್ನುತ್ತಿದ್ದ. ವರ್ನನ್ ಅವನಿಂದ ಕೊಂಡಿದ್ದ ನೋಟನ್ನು ಆಲ್ಬಂನಿಂದ ತೆಗೆದು ಅವನ ಮುಂದಿಟ್ಟ.

"ಇವತ್ತೂ ವಾಪಸ್ ತಗೊಳ್ಳಲ್ಲ ಮಾರಾಯ" ಎಂದ ಮರ್ಲ್, ತಲೆ ಎತ್ತದೆ.

"ಆರ್ಲೀನ್ ಮಾಡಿದ್ದು. ನಾನು ಆಸ್ಪತ್ರೆಲಿದ್ದಾಗ. ಆ ಆಲ್ಬಂನಲ್ಲಿರೋದಕ್ಕೆಲ್ಲ."

ವರ್ನನ್ ಕುರ್ಚಿ ಎಳೆದು ಎದುರಿಗೆ ಕೂತ.

ಮರ್ಲ್ ಬೆರಳಿನ ಸಕ್ಕರೆಯನ್ನು ಪ್ಯಾಂಟಿಗೆ ಒರೆಸಿಕೊಂಡು, ನೋಟಿನ ಅಂಚು ಹಿಡಿದು ಎತ್ತಿದ. ಬಹಳ ಹೊತ್ತು ನೋಡಿದ.

"ಒಂದು ಕಡೆನೂ ಸೀದಿಲ್ಲ. ಜೋಪಾನವಾಗಿ ಮಾಡಿದ್ದಾಳೆ" ಎಂದ.

ಮತ್ತೆ ಅದನ್ನು ಕೊಂಚ ಓರೆ ಮಾಡಿದ. ಕಿಟಕಿಯ ಬೆಳಕು ಒಂದು ತುದಿಯಿಂದ ಇನ್ನೊಂದು ತುದಿಗೆ, ಎಲ್ಲಿಯೂ ತಡೆಯದೆ ಜಾರಿತು.