ಒಂದನೆಯದಕ್ಕೆ ಎದುರಾಗಿ ಐದನೆಯದು

ಡಿಕ್ಕಿಮನೆಯಲ್ಲಿ ಒಂದು ಕಾರು ಸಾಯಲು ತೆಗೆದುಕೊಳ್ಳುವ ಹೊತ್ತು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ. ಆದ್ದರಿಂದ ಅಲ್ಲಿ ಕೆಲಸ ಮಾಡುವ ಯಾರೂ ಆ ಸಾವನ್ನು ಕಣ್ಣಾರೆ ಕಂಡವರಲ್ಲ. ಅದರ ಮುಂಚಿನದನ್ನು ಕಂಡಿದ್ದಾರೆ, ಅದರ ನಂತರದ್ದನ್ನು ಕಂಡಿದ್ದಾರೆ. ನೆಲದಲ್ಲಿ ಹೂತ ಹಳಿ, ಹಳಿಯೊಳಗೆ ಉಕ್ಕಿನ ಹಗ್ಗ, ಹಗ್ಗಕ್ಕೆ ಕೊಕ್ಕೆ, ಕೊಕ್ಕೆಗೆ ಕಾರು, ಕಾರಿಗೆ ಎದುರಾಗಿ ಕಾಂಕ್ರೀಟಿನ ಗೋಡೆ. ಕಾರ್ಖಾನೆಯ ಉಳಿದ ಕಟ್ಟಡಗಳಲ್ಲಿ ಕಾರುಗಳು ಹುಟ್ಟುತ್ತಿದ್ದವು. ಹುಟ್ಟಿದ್ದಕ್ಕೆ ಅರ್ಥವಿದೆಯೇ ಎಂದು ಇಲ್ಲಿ ಒಂದೇ ಏಟಿನಲ್ಲಿ ಕೇಳಲಾಗುತ್ತಿತ್ತು.

ಆ ಮನೆಯ ಯಜಮಾನನನ್ನು ಎಲ್ಲರೂ ಗೋಡೆಯಣ್ಣ ಎನ್ನುತ್ತಿದ್ದರು. ತಾರುಣ್ಯದಲ್ಲಿ ಎಂಜಿನಿಯರಾಗಿ ಬಂದವನು ಆ ಗೋಡೆಯ ಎದುರಿನಲ್ಲಿಯೇ ತಲೆ ನೆರೆಸಿಕೊಂಡಿದ್ದ. ಅವನ ತಂಗಿಯೂ ಅಲ್ಲಿಯೇ. ಕಾರಿನಲ್ಲಿ ಮನುಷ್ಯರ ಬದಲಿಗೆ ಕೂರುವ ಬೊಂಬೆಗಳನ್ನು ಸಿದ್ಧಪಡಿಸುವುದು ಅವಳ ಕೆಲಸ. ಡಿಕ್ಕಿಗೆ ಮುಂಚೆ ಅವುಗಳ ಹಣೆಗೆ ಹಳದಿ, ಕೆನ್ನೆಗೆ ನೀಲಿ, ಗದ್ದಕ್ಕೆ ಕೆಂಪು, ಮಂಡಿಗೆ ಹಸಿರು ಬಣ್ಣವನ್ನು ದಪ್ಪವಾಗಿ ಬಳಿಯುತ್ತಿದ್ದಳು. ಬಳಿಕ ಯಾವ ಬಣ್ಣ ಎಲ್ಲಿ ಅಂಟಿದೆ ಎಂದು ನೋಡಿದರೆ ಸಾಕು, ಮೈಯ ಯಾವ ಭಾಗ ಎಲ್ಲಿ ಅಪ್ಪಳಿಸಿತು ಎಂಬುದು ತಿಳಿಯುತ್ತಿತ್ತು. ಅವಳು ಮದುವೆಯಾಗಿರಲಿಲ್ಲ. ಆದ್ದರಿಂದ ಚಾಲಕನ ಸೀಟಿನ ಬೊಂಬೆಗೆ ಡಿಕ್ಕಿಮನೆಯವರೆಲ್ಲ 'ಭಾವ' ಎಂದು ಹೆಸರಿಟ್ಟಿದ್ದರು. 'ಭಾವನ ಅಲಂಕಾರ ಮುಗೀತಾ?' ಎಂದು ಯಾರಾದರೂ ಕೂಗಿದರೆ, 'ಮುಗೀತು, ದಿಬ್ಬಣ ಹೊರಡಿಸಿ' ಎನ್ನುವಳು ಅವಳೇ.

ಅವರಿಬ್ಬರ ತಮ್ಮ ಮೇಲಿನ ಗಾಜಿನ ಕೋಣೆಗಳಲ್ಲಿದ್ದ. ಐದನೆಯ ತಲೆಮಾರಿನ ಕಾರು ಅವನದು. ಅದರ ಮೊದಲ ಗೆರೆಯಿಂದ ಕೊನೆಯ ತಿರುಪಿನವರೆಗೆ ಹೊಣೆ ಅವನದು. ಒಬ್ಬ ಕಟ್ಟುತ್ತಾನೆ, ಒಬ್ಬ ಒಡೆಯುತ್ತಾನೆ, ನಡುವಿನವಳು ಬಣ್ಣ ಬಳಿಯುತ್ತಾಳೆ, ಒಟ್ಟಿನಲ್ಲಿ ಸಂಸಾರ ನಡೆಯುತ್ತದೆ ಎಂದು ಕಾರ್ಖಾನೆಯಲ್ಲಿ ನಗುತ್ತಿದ್ದರು.

ಡಿಕ್ಕಿಮನೆಗೆ ಹೋಗುವ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ತಲೆಮಾರಿನಲ್ಲೂ ಗೋಡೆಗೆ ಬಡಿದ ಮೊದಲ ಕಾರನ್ನು ಗುಜರಿಗೆ ಹಾಕದೆ ಅಲ್ಲಿ ನಿಲ್ಲಿಸುತ್ತಿದ್ದರು. ಮುಖ ಜಜ್ಜಿದ ಹಿರಿಯರ ಸಾಲು ಅದು. ಮೊದಲನೆಯದು ದುಂಡು ಕಣ್ಣಿನದು, ಪುಟ್ಟದು. ಚಿಕ್ಕದನ್ನು ಕೊಳ್ಳುವವನು ಬಡವನೇ ಆಗಬೇಕಿಲ್ಲ ಎಂಬ ಹೆಮ್ಮೆಯಲ್ಲಿ ಹುಟ್ಟಿದ ಆ ಕಾರಿಗೆ ಮರದ ಡ್ಯಾಶ್‌ಬೋರ್ಡು, ತೊಗಲಿನ ಸ್ಟಿಯರಿಂಗು, ಕೈಬೆರಳಷ್ಟೇ ದಪ್ಪದ ಬಾಗಿಲುಗಳು. ಎರಡನೆಯದಕ್ಕೆ ಭುಜ ಬಂದಿತ್ತು. ಮೂರನೆಯದು ಹಿಂದಕ್ಕೆ ಬೆಳೆದು, ಸಾಮಾನು ತುಂಬುವ ಉದ್ದನೆಯ ತಂಗಿಯೊಂದನ್ನೂ ಪಡೆದಿತ್ತು. ನಾಲ್ಕನೆಯದರ ಕಣ್ಣು ಕಿರಿದಾಗಿ ಹುಬ್ಬು ಗಂಟಿಕ್ಕಿತ್ತು. ಹೆಸರು ಮಾತ್ರ ಅದೇ. ಐದನೆಯದು ಆ ಹೆಸರಿನೊಳಗೆ ಹಿಡಿಸಲಾರದೆ ನಿಂತಿತ್ತು: ಎತ್ತರದ ಎದೆ, ಮುಚ್ಚಿದ ಬಾಯಿ, ಬಾಯಿಯ ಹಿಂದೆ ಯಾರ ಕಣ್ಣಿಗೂ ಬೀಳದಂತೆ ಅಡ್ಡಲಾಗಿ ಮಲಗಿದ ಗಟ್ಟಿ ಉಕ್ಕಿನ ತೊಲೆ.

ಗೋಡೆಯ ಪರೀಕ್ಷೆಯಲ್ಲಿ ಐದನೆಯದು ಹಿಂದಿನ ಯಾವುದೂ ಪಡೆಯದಷ್ಟು ಅಂಕ ಪಡೆದಿತ್ತು. ಬಾಗಿಲುಗಳು ಏನೂ ಆಗದವರಂತೆ ತೆರೆದುಕೊಂಡವು. ಭಾವನ ಹಣೆಯ ಹಳದಿ ಏರ್‌ಬ್ಯಾಗಿನ ನಡುವೆ ಮಾತ್ರ ಅಂಟಿತ್ತು. ಮೇಲಿನವರು ಸಿಹಿ ಹಂಚಿದರು. ಗೋಡೆಯಣ್ಣ ತಿನ್ನಲಿಲ್ಲ.

ಐದನೆಯದರ ಬಿಡುಗಡೆಗೆ ತೆಗೆಯುವ ಜಾಹೀರಾತಿನ ಚಿತ್ರಕ್ಕಾಗಿ ಹಳೆಯದನ್ನೂ ಹೊಸದನ್ನೂ ಮುಖಾಮುಖಿ ಡಿಕ್ಕಿ ಹೊಡೆಸಬೇಕೆಂದು ತಮ್ಮ ಕೇಳಿದಾಗ ಅಣ್ಣ ಕೂಡಲೇ ಒಪ್ಪಿಕೊಂಡ. ಉಗ್ರಾಣದಲ್ಲಿ ಕೆಡದೆ ಉಳಿದಿದ್ದ ಒಂದನೆಯ ತಲೆಮಾರಿನ ಕಾರನ್ನು ತಾನೇ ತಂದು ನಿಲ್ಲಿಸಿದ. ಇಬ್ಬರಿಗೂ ಬೇಕಾಗಿದ್ದದ್ದು ಅದೇ ಡಿಕ್ಕಿ. ಕಾರಣಗಳು ಮಾತ್ರ ಒಂದಕ್ಕೊಂದು ಬೆನ್ನು ತಿರುಗಿಸಿದ್ದವು.

ಅಂದು ಬೆಳಿಗ್ಗೆ ತಮ್ಮ ಬಿಳಿ ಅಂಗಿಯಲ್ಲಿ, ಕ್ಯಾಮೆರಾದವನನ್ನು ಕರೆದುಕೊಂಡು ಬಂದ. ಹಳೆಯ ಕಾರಿನ ಬಾಗಿಲ ಬಳಿ ಅಕ್ಕ ಭಾವನ ಹಣೆಗೆ ಹಳದಿ ಬಳಿಯುತ್ತಿದ್ದಳು.

'ಹಳೇದರಲ್ಲಿ ಬೊಂಬೆ ಬೇಡ ಅಂದಿದ್ನಲ್ಲ' ಎಂದ ತಮ್ಮ. 'ಹೊಸದರಲ್ಲಿ ಮಾತ್ರ ಸಾಕು.'

'ಯಾಕೆ, ಹಳೇದನ್ನ ದೆವ್ವ ಓಡಿಸ್ತಿತ್ತಾ?' ಎಂದ ಗೋಡೆಯಣ್ಣ.

'ಅಣ್ಣಾ, ಜನ ನೋಡೋ ಚಿತ್ರ ಇದು. ಕೈಕಾಲು ಕಿತ್ತು ಬಂದ್ರೆ ಯಾರಿಗೆ ಚೆನ್ನಾಗಿರುತ್ತೆ?'

'ಕಿತ್ತು ಬರುತ್ತೆ ಅಂತ ನಿಂಗೊತ್ತು. ಅಷ್ಟು ಗೊತ್ತಿದ್ದೂ ಆ ತೊಲೇನ ಅಷ್ಟೆತ್ತರದಲ್ಲಿ ಇಟ್ಟಿದೀಯಲ್ಲೋ.'

'ಗೋಡೆ ಪರೀಕ್ಷೇಲಿ ನೀನೇ ಅಂಕ ಕೊಟ್ಟೆ.'

'ಕೊಟ್ಟೆ. ಇಷ್ಟು ವರ್ಷ ನಾವೆಲ್ಲ ಮಾಡ್ಕೊಂಡು ಬಂದ ತಪ್ಪೇ ಅದು' ಎಂದ ಅಣ್ಣ. 'ಗೋಡೆಗೆ ಗುದ್ದೋದು ಅಂದ್ರೆ ಕನ್ನಡೀಲಿರೋ ತನ್ನನ್ನೇ ಗುದ್ದಿದ ಹಾಗೆ. ಎಷ್ಟು ಭಾರವೋ ಅಷ್ಟೇ ಪೆಟ್ಟು. ಅಲ್ಲಿ ಎಲ್ಲರೂ ಪಾಸು. ರಸ್ತೇಲಿ ಎದುರಿಗೆ ಬರೋದು ಕನ್ನಡಿ ಅಲ್ಲ ಕಣೋ. ನಿನಗಿಂತ ಚಿಕ್ಕೋರು ಬರ್ತಾರೆ. ನಾವೇ ಮಾಡಿ ಮಾರಿದ ಒಂದನೇದು, ಎರಡನೇದು ಬರುತ್ತೆ. ನಿನ್ನ ತೊಲೆ ಅವುಗಳ ಬಂಪರ್ ಮೇಲಿಂದ ಹಾದು ನೇರ ಎದೆಗೇ ಹೋಗುತ್ತೆ. ಅದನ್ನ ಒಂದು ಗೇಣು ಕೆಳಗಿಳಿಸು ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿತು.'

'ತೊಲೆ ಇಳಿಸಿದ್ರೆ ತಗಡು ಒತ್ತೋ ಅಚ್ಚು ಹೊಸದಾಗಿ ಮಾಡ್ಬೇಕು, ಮುಖ ಬದಲಾಗುತ್ತೆ, ಬಿಡುಗಡೆ ಹೋಯ್ತು. ನನ್ನ ಕಾರಿನೊಳಗೆ ಕೂತೋರಿಗೆ ನಾನು ಜವಾಬ್ದಾರ. ಲೋಕಕ್ಕೆಲ್ಲ ಅಲ್ಲ.'

ಅಕ್ಕ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದಳು. 'ನಾನು ಈಗಲೂ ಎರಡನೇದನ್ನೇ ಓಡಿಸ್ತಿರೋದು. ಅದನ್ನೂ ಲೋಕದ ಲೆಕ್ಕಕ್ಕೇ ಬರ್ಕೊಂಡೆಯಾ?'

'ಅಕ್ಕಾ, ನಿನಗೊಂದು ಹೊಸದು ಕೊಡಿಸ್ತೀನಿ ಅಂತ ಯಾವತ್ತೋ ಹೇಳಿದೀನಿ.'

'ಎಲ್ಲರಿಗೂ ಕೊಡಿಸ್ತೀಯಾ?' ಎಂದು ಕೇಳಿ, ಅವಳು ಭಾವನನ್ನು ಕಂಕುಳಿಗೆ ಕೈಕೊಟ್ಟು ಒಳಗೆ ಎಳೆದು ಕೂರಿಸಿದಳು. ಬೆಲ್ಟು ಬಿಗಿದು ಬಾಗಿಲು ಹಾಕಿದಳು. 'ಭಾವ ಕೂತಾಯ್ತು. ಇಳಿಸೋದಾದ್ರೆ ನೀನೇ ಇಳಿಸು. ಬಣ್ಣ ಹಸಿ ಇದೆ, ಅಂಗಿ ನೋಡ್ಕೋ.'

ತಮ್ಮ ತನ್ನ ತೋಳನ್ನು ನೋಡಿಕೊಂಡ. ಕ್ಯಾಮೆರಾದವನು ಗಂಟಲು ಸರಿಪಡಿಸಿಕೊಂಡು, 'ಹಳೇದರ ಕಿಟಕಿ ಕತ್ತಲಾಗಿ ಕಾಣೋ ಹಾಗೆ ಹಿಡೀತೀನಿ ಬಿಡಿ ಸಾರ್' ಎಂದ.

ಎಲ್ಲರೂ ಗಾಜಿನ ಹಿಂದಕ್ಕೆ ಹೋದರು. ದೀಪಗಳು ಉರಿದವು, ಅಷ್ಟು ಬೆಳಕಿನಲ್ಲಿ ಹಳೆಯ ಕಾರು ತನ್ನ ವಯಸ್ಸನ್ನು ಮುಚ್ಚಿಡಲಾರದೆ ನಾಚಿದಂತಿತ್ತು. ಹಗ್ಗ ಬಿಗಿಯಿತು. ಎರಡೂ ತುದಿಗಳಿಂದ ಮುತ್ತಜ್ಜನೂ ಮರಿಮಗನೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳಲು ಓಡಿಬಂದಂತೆ ಓಡಿಬಂದರು.

ಸದ್ದು ಕಿವಿಯಿಂದ ಬರಲಿಲ್ಲ, ಅಂಗಾಲಿನಿಂದ ಬಂತು. ಆಮೇಲೆ ಗಾಜಿನ ಚೂರುಗಳು ಕಾಂಕ್ರೀಟಿನ ಮೇಲೆ ಬಹಳ ಹೊತ್ತು, ಏನನ್ನೋ ಹೇಳಿ ಮುಗಿಸಲಾರದವರಂತೆ, ಉದುರುತ್ತಲೇ ಇದ್ದವು.

ಐದನೆಯದು ತುಸು ಮೂಗು ಮುರಿದುಕೊಂಡು ನಿಂತಿತ್ತು. ಅದರ ಬಾಗಿಲುಗಳು ಸಲೀಸಾಗಿ ತೆರೆದವು. ಒಂದನೆಯದಕ್ಕೆ ಮುಖವೇ ಇರಲಿಲ್ಲ. ಅದರ ಬಂಪರು ಹೊಸ ಕಾರಿನ ಹೊಟ್ಟೆಯಡಿಗೆ ನುಗ್ಗಿ ಮಲಗಿತ್ತು, ಎಂಜಿನ್ನು ಚಾಲಕನ ತೊಡೆಗಳಿದ್ದ ಜಾಗದಲ್ಲಿತ್ತು. ಮರದ ಡ್ಯಾಶ್‌ಬೋರ್ಡು ಸೀಳಿ ಒಂದು ಸಿಬಿರು ಭಾವನ ಕತ್ತಿನಿಂದ ಒಳಹೊಕ್ಕು ಕಿವಿಯ ಹಿಂದೆ ಹೊರಬಂದಿತ್ತು. ಎಡಗಾಲು ಮಂಡಿಯ ಬಳಿ ಕಿತ್ತುಬಂದು, ಹಸಿರು ಬಳಿದ ಭಾಗ ಹಿಂದಿನ ಸೀಟಿನ ಮೇಲೆ ಬಿದ್ದಿತ್ತು. ಎದೆಯಲ್ಲಿ ಸ್ಟಿಯರಿಂಗಿನ ದಂಡ ನೆಟ್ಟಿತ್ತು.

ಅಕ್ಕ ಮಾತ್ರ ಹಣೆಯ ಹಳದಿಯನ್ನು ಹುಡುಕಿದಳು. ಹಳೆಯ ಕಾರಿನಲ್ಲಿ ಅದು ಎಲ್ಲಿಯೂ ಇರಲಿಲ್ಲ. ಅದು ಹೊಸ ಕಾರಿನ ಬಿಳಿ ಬಾನೆಟ್ಟಿನ ಮೇಲಿತ್ತು; ಅಂಗೈಯಗಲದ ಹಳದಿ, ಅದರ ಕೆಳಗೆ ಉದ್ದಕ್ಕೆ ಎಳೆದ ಕೆಂಪು. ತಲೆ ಅಲ್ಲಿಗೆ ಹೋಗಿರಲಿಲ್ಲ. ಬಾನೆಟ್ಟೇ ಗಾಜನ್ನು ಒಡೆದುಕೊಂಡು ತಲೆಯಿದ್ದಲ್ಲಿಗೆ ಬಂದಿತ್ತು.

ತಮ್ಮನೇ ಮೊದಲು ಬಾಯಿಬಿಟ್ಟ.

'ಅದನ್ನ ಒರೆಸಿ. ಹತ್ತಿರದಿಂದ ಇನ್ನೊಂದು ಸಲ ಹಿಡೀಬೇಕು.'

ಯಾರೂ ಅಲ್ಲಾಡಲಿಲ್ಲ. ಅವನು ಅಕ್ಕನ ಮೇಜಿನಿಂದ ಅರಿವೆ ಕಿತ್ತುಕೊಂಡು ತಾನೇ ಹೋಗಿ ಒರೆಸತೊಡಗಿದ. ಹಳದಿ ಅಳಿಯಲಿಲ್ಲ, ಅಗಲವಾಯಿತು.

ಗೋಡೆಯಣ್ಣ ಹಿಂದಿನಿಂದ ಬಂದು ತಮ್ಮನ ಕತ್ತನ್ನು ಹಿಡಿದು ಮುಖವನ್ನು ಆ ಬಾನೆಟ್ಟಿಗೆ ಅಪ್ಪಳಿಸಿದ. 'ನೋಡೋ! ಕಣ್ಣು ಬಿಟ್ಟು ನೋಡು!' ಎಂದು ಮತ್ತೊಮ್ಮೆ ಅಪ್ಪಳಿಸಿದ. ಹಲ್ಲು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ತಮ್ಮ ಕಾಲನ್ನು ಹಿಂದಕ್ಕೆ ಬೀಸಿ ಒದ್ದ. ಅಣ್ಣ ಜಾರಿ ಒಂದನೆಯದರ ಹರಿದ ಬಾಗಿಲ ಮೇಲೆ ಬಿದ್ದ. ಊರಿದ ಅಂಗೈಯನ್ನು ತಗಡು ಮಣಿಕಟ್ಟಿನವರೆಗೆ ಸೀಳಿತು. ಏಳುವ ಮುಂಚೆಯೇ, ಬಾಗಿಲು ಮೀಟಲು ಇಟ್ಟಿದ್ದ ಕಬ್ಬಿಣದ ಹಾರೆ ತಮ್ಮನ ಕೈಯಲ್ಲಿತ್ತು.

'ಮನೇಲೂ ನಿಂದೇ ಮಾತು, ಇಲ್ಲೂ ನಿಂದೇ ಮಾತು!' ಎಂದು ಅವನು ಚೀರಿದ. ಬಾಯಿಂದ ರಕ್ತ ಮಾತಿನೊಂದಿಗೆ ಸಿಡಿಯುತ್ತಿತ್ತು. 'ನಾನು ಮಾಡಿದ್ದೆಲ್ಲಾ ಒಡೆದೇ ದೊಡ್ಡೋನಾದೆ ನೀನು! ಚಿಕ್ಕಂದಿನಿಂದ!'

ಹಾರೆ ಬಿತ್ತು. ಅಣ್ಣ ತಲೆಗೆ ಅಡ್ಡ ಹಿಡಿದ ತೋಳು ಮೊಣಕೈಯ ಕೆಳಗೆ ಬೇರೊಂದು ದಿಕ್ಕಿಗೆ ತಿರುಗಿತು. ಆದರೂ ಅವನು ಇನ್ನೊಂದು ಕೈಯಿಂದ ತಮ್ಮನ ಕಾಲನ್ನು ಎಳೆದು ಕೆಡವಿದ. ಇಬ್ಬರೂ ಗಾಜಿನ ಮೇಲೆ ಹೊರಳಾಡಿದರು. ಒಬ್ಬನ ಹೆಬ್ಬೆರಳು ಇನ್ನೊಬ್ಬನ ಕಣ್ಣಿನಲ್ಲಿತ್ತು, ಇನ್ನೊಬ್ಬನ ಮುರಿದ ಹಲ್ಲು ಮೊದಲಿನವನ ಕಿವಿಯಲ್ಲಿ ಕೂತಿತ್ತು. ತಮ್ಮನ ಹಾರೆ ಮತ್ತೆ ಮೇಲೆದ್ದಿತು, ಈ ಸಲ ಅಣ್ಣನ ನೆತ್ತಿಗೆ.

ಅಕ್ಕ ಗೋಡೆಯಿಂದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕಿತ್ತು ಇಬ್ಬರ ಮುಖಕ್ಕೂ ಬಿಟ್ಟಳು. ಬಿಳಿ ಪುಡಿ ಮೋಡವಾಗಿ ಎದ್ದಿತು. ಸಿಲಿಂಡರು ಬರಿದಾಗುವವರೆಗೆ ಬಿಟ್ಟಳು, ಬರಿದಾದ ಮೇಲೆ ಅದನ್ನು ತಮ್ಮನ ಬೆನ್ನಿಗೆ ಎಸೆದಳು. ಪುಡಿ ಇಳಿದಾಗ ಇಬ್ಬರು ಮುದುಕರು, ಹುಬ್ಬು ಮೀಸೆಗಳೆಲ್ಲ ಬೆಳ್ಳಗೆ, ಕೆಮ್ಮುತ್ತ ಕೂತಿದ್ದರು. ಯಾರು ಹಿರಿಯ, ಯಾರು ಕಿರಿಯ ಎಂದು ಹೇಳುವಂತಿರಲಿಲ್ಲ.

ಅಣ್ಣನನ್ನು ನಾಲ್ಕು ಜನ ಎತ್ತಿಕೊಂಡು ಕಾರ್ಖಾನೆಯ ಆಸ್ಪತ್ರೆಗೆ ಒಯ್ದರು. ತಮ್ಮನ ದವಡೆ ಊದಿತ್ತು, ಕಣ್ಣು ಉರಿದು ಸ್ಟಿಯರಿಂಗು ಹಿಡಿಯುವ ಸ್ಥಿತಿಯಿರಲಿಲ್ಲ. ಹಲ್ಲಿನ ವೈದ್ಯನ ಬಳಿ ಬಿಡುತ್ತೇನೆಂದು ಅಕ್ಕ ತನ್ನ ಕಾರಿನ ಬಾಗಿಲು ತೆರೆದಳು. ಅವನು ಎರಡನೆಯ ತಲೆಮಾರಿನದರೊಳಗೆ ಕೂತು ಎಷ್ಟೋ ವರ್ಷಗಳಾಗಿದ್ದವು. ಸೀಟು ಇಷ್ಟು ಕೆಳಗಿದೆಯೆಂಬುದೇ ಅವನಿಗೆ ಮರೆತುಹೋಗಿತ್ತು.

ಕಾರ್ಖಾನೆಯ ಹಿಂದಿನ ರಸ್ತೆ ಕಿರಿದು. ಐದನೆಯದರ ಪರೀಕ್ಷಾ ಕಾರುಗಳು, ಆಕಾರ ತಿಳಿಯದಂತೆ ಮೈಗೆಲ್ಲ ಕಪ್ಪು ಬಿಳಿ ಪಟ್ಟೆ ಅಂಟಿಸಿಕೊಂಡು, ದಿನವಿಡೀ ಅಲ್ಲಿ ಓಡಾಡುತ್ತಿದ್ದವು. ತಿರುವಿನಲ್ಲಿ ಅಂಥದ್ದೊಂದು ಹಠಾತ್ತನೆ ಎದುರಾಯಿತು. ಅವನು ಗೆರೆ ಗೆರೆಯಾಗಿ ಬರೆದ ಮುಖ ಅದು. ಬರೆಯುವಾಗ ಯಾವಾಗಲೂ ಪಕ್ಕದಿಂದ, ಮೇಲಿನಿಂದ ನೋಡಿದ್ದ. ಈಗ ಕೆಳಗಿನಿಂದ ನೋಡಿದ. ಪಟ್ಟೆಗಳ ಹಿಂದೆ ತೊಲೆ ಎಲ್ಲಿದೆಯೆಂದು ಅವನೊಬ್ಬನಿಗೇ ಕಾಣುತ್ತಿತ್ತು. ಅದು ಅಕ್ಕನ ಕತ್ತಿನ ಮಟ್ಟದಲ್ಲಿತ್ತು.

ಇಲ್ಲದ ಬ್ರೇಕನ್ನು ಅವನ ಕಾಲು ಒತ್ತಿತು. ಅಕ್ಕ ಸ್ಟಿಯರಿಂಗನ್ನು ಎಳೆದಳು. ಪಕ್ಕದ ಕನ್ನಡಿ ಸಿಡಿದು ಹಾರಿಹೋಯಿತು. ಪಟ್ಟೆಯ ಕಾರು ನಿಲ್ಲದೆ ಸಾಗಿತು. ಒಳಗಿದ್ದವರಿಗೆ ಬಹುಶಃ ಸದ್ದೂ ಕೇಳಿಸಿರಲಿಲ್ಲ.

ಅವಳು ರಸ್ತೆಯಂಚಿಗೆ ನಿಲ್ಲಿಸಿದಳು. ಅವನು ಬಾಗಿಲು ತೆರೆದು ರಕ್ತ ಉಗುಳಿದ. ಬಳಿಕ ಫೋನು ತೆಗೆದ.

'ಅಚ್ಚಿನ ವಿಭಾಗಾನಾ? ನಾನು. ಮುಂಭಾಗದ ತೊಲೆ ಕೆಲಸ ನಿಲ್ಲಿಸಿ... ಹೌದು, ಈಗ್ಲೇ. ಕೆಳಗಿಳಿಸ್ಬೇಕು. ಹೊಸ ಅಚ್ಚು... ಬಿಡುಗಡೆ ಹಾಳಾಗಿ ಹೋಗ್ಲಿ, ಮೇಲಿನೋರಿಗೆ ನಾನು ಹೇಳ್ಕೋತೀನಿ.'

ಅಕ್ಕ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ದೀರ್ಘವಾಗಿ ಉಸಿರುಬಿಟ್ಟಳು. ಅವನು ಇನ್ನೊಂದು ನಂಬರು ಒತ್ತಿದ.

'ನಾನೇ. ಡಿಕ್ಕಿಮನೆಗೆ ಬೇರೆ ಯಜಮಾನನ್ನ ನೋಡಿ. ಇವತ್ತಿಂದ... ಎಲ್ಲರೆದುರು ನನ್ನ ಮೇಲೆ ಕೈ ಮಾಡಿದಾನೆ, ಕ್ಯಾಮೆರಾದಲ್ಲೂ ಇದೆ. ಅಣ್ಣ ಆದ್ರೇನು? ಗೇಟಿನೊಳಗೆ ಬಿಡ್ಬೇಡಿ.'

ಅಕ್ಕ ತಲೆಯೆತ್ತಿದಳು.

'ಅವನು ಹೇಳಿದ್ದೇ ಸರಿ ಅಂತ ಈಗ ತಾನೆ ಒಪ್ಕೊಂಡೆ.'

'ಒಪ್ಕೊಂಡೆ' ಎಂದ ತಮ್ಮ, ದವಡೆ ಹಿಡಿದುಕೊಂಡು. 'ಅದಕ್ಕೇ ಅವನ ಮುಖ ನೋಡೋಕೆ ನನ್ನಿಂದಾಗಲ್ಲ.'

'ಇಳಿ.'

'ಅಕ್ಕಾ, ಹಲ್ಲು...'

'ಇಳಿಯೋ.'

ಅವನು ಇಳಿದು, ಬಣ್ಣ ಒರೆಸಿದ ಅರಿವೆಯನ್ನು ಬಾಯಿಗೆ ಒತ್ತಿಕೊಂಡು ಧೂಳಿನಲ್ಲಿ ನಿಂತ. ಅವಳು ಆಸ್ಪತ್ರೆಯ ಕಡೆಗೆ ಕಾರು ತಿರುಗಿಸಿದಳು. ಅಷ್ಟು ಕಿರಿದಾದ ರಸ್ತೆಯಲ್ಲೂ ಆ ಕಾರಿಗೆ ಒಂದೇ ಸುತ್ತು ಸಾಕಾಯಿತು.