ಬಲಗಡೆಯ ಸ್ಪೀಕರ್

ಮುಸ್ತಾಕ ಕೀಲಿ ತಿರುಗಿಸಿದ್ದೇ ತಡ, ಪಿಕಪ್ಪಿನೊಳಗಿಂದ ಢೋಲಕಿನ ಹಾಡೊಂದು ಓಣಿಗೆ ಅಪ್ಪಳಿಸಿತು. ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದ ಗಂಡಸರು ಎದ್ದು ನಿಂತರು. ಒಳಗೆ ಕುರಾನ್ ಓದುತ್ತಿದ್ದ ಹೆಂಗಸರ ದನಿ ನಿಂತುಹೋಯಿತು. ಅವನು ಒಂದು ಗುಂಡಿ ಒತ್ತಿದ, ಹಾಡು ಬದಲಾಯಿತು. ಇನ್ನೊಂದು ಒತ್ತಿದ, ಸದ್ದು ಮತ್ತಷ್ಟು ಏರಿತು. ಕೊನೆಗೆ ಕೀಲಿಯನ್ನೇ ಕಿತ್ತುಕೊಂಡ.

"ಏ, ಮಯ್ಯತ್ ಇನ್ನೂ ಮನ್ಯಾಗ ಐತೋ ಮಾರಾಯಾ!" ಎಂದು ನವೀದ ಕಿಟಕಿಗೆ ಓಡಿಬಂದ. ಅವನು ಮುಸ್ತಾಕನ ದೊಡ್ಡಪ್ಪನ ಮಗ.

"ನಾ ಏನ್ ಮಾಡ್ಲಿ? ಕೀಲಿ ತಿರುವಿದ್ರ ತಾನ ಹತ್ತತೈತಿ. ಅಬ್ಬಾ ಹಂಗ ಮಾಡಿಸಿಟ್ಟಾನ."

ಶವವಾಹನ ಝುವಾರಿನಗರದ ಈ ಓಣಿಗೆ ಹತ್ತುವುದಿಲ್ಲ. ಕಬರಸ್ತಾನ ಗುಡ್ಡದ ಆಚೆಗಿದೆ. ಹೆಗಲ ಮೇಲೆ ಒಯ್ಯುವ ದೂರವಲ್ಲ. ಹಾಗಾಗಿ ಮುಸ್ತಾಕನ ತಂದೆ ಅಲ್ಲಾವುದ್ದೀನ ತನ್ನ ಪಿಕಪ್ಪಿನಲ್ಲೇ ಹೋಗಬೇಕಿತ್ತು.

ಅವನು ಸತ್ತದ್ದು ಹಿಂದಿನ ದಿನ, ಕುಂಡಯಿಯ ಒಂದು ಗೋದಾಮಿನಲ್ಲಿ. ಮಾಲಿಗೆ ಕಟ್ಟಿದ್ದ ಹಗ್ಗ ಬಿಚ್ಚಲು ಕೆಳಗಿಳಿದಿದ್ದ. ಬಲಗಡೆಯಿಂದ ಹಿಂದಕ್ಕೆ ಬರುತ್ತಿದ್ದ, ಮಾಲು ಎತ್ತುವ ಫೋರ್ಕ್‌ಲಿಫ್ಟ್ ಅವನನ್ನು ಗೋಡೆಗೆ ಒತ್ತಿತು. ಅದನ್ನು ಓಡಿಸುತ್ತಿದ್ದವನು ಮುತ್ತು, ಇದೇ ಗುಡ್ಡದ ಕೆಳಗಿನ ಓಣಿಯ ಹುಡುಗ. ಹಾರ್ನ್ ಹೊಡೆದಿದ್ದೆ, ಹಾರ್ನ್ ಕೇಳಿದ ಮೇಲೆ ಚಾಚಾ ಗಾಡಿಯ ಕಡೆಗೇ ಸರಿದ ಎಂದು ಅವನು ಹೇಳುತ್ತಿದ್ದ. ಯಾರೂ ನಂಬಿರಲಿಲ್ಲ. ಮಣ್ಣು ಮುಗಿದ ಮೇಲೆ ಮುಸ್ತಾಕ ಠಾಣೆಗೆ ಹೋಗಿ ಹೇಳಿಕೆ ಬರೆಸಬೇಕಿತ್ತು.

"ಮುತ್ತು ಮಣ್ಣಿಗೆ ಬರ್ತಾನಂತ," ಎಂದ ನವೀದ. "ಬರ್ಲಿ. ಅಲ್ಲೇ ಕಾಲು ಮುರೀತೇನಿ ಮಗಂದು."

"ನೀ ಏನೂ ಮುರೀಬ್ಯಾಡ. ನಾ ಠಾಣೇದಾಗ ಬರಸ್ತೇನಿ, ಹಾರ್ನ್ ಹೊಡದಿಲ್ಲಂತ. ಒಳಗ ಹೋಗ್ತಾನ."

"ಹೊಡದೇನಿ ಅಂತಾನಲ್ಲ?"

"ಹಾರ್ನ್ ಕೇಳಿ ಯಾವ ಮನಷ್ಯಾ ಗಾಲೀ ಕಡೆ ಹೋಗ್ತಾನ? ಅಬ್ಬಾ ಏನ್ ಹುಚ್ಚಿದ್ನೇನ?"

ತಿರುವಿನಲ್ಲಿ ಸ್ಟೀರಿಯೋ ಅಂಗಡಿ ಇಟ್ಟಿದ್ದ ಲಕ್ಷ್ಮಪ್ಪನನ್ನು ಕರೆತರಲು ನವೀದ ಹೋದ.

ಲಕ್ಷ್ಮಪ್ಪ ಸಾವಿನ ಮನೆಗೆಂದು ತಲೆಗೆ ಕರವಸ್ತ್ರ ಕಟ್ಟಿಕೊಂಡು, ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡು ಬಂದ. ಪಿಕಪ್ಪಿನಲ್ಲಿ ಕೂತು ಸೆಟ್ಟನ್ನು ಅರ್ಧ ಹೊರಗೆಳೆದ.

"ಒಂದ ವಾಯರ್ ಕತ್ತರಿಸಿದ್ರ ಮುಗೀತು. ಆದ್ರ ಯಾವ್ದಂತ ನೋಡಾಕ ಒಮ್ಮೆ ಹಚ್ಚಬೇಕು. ಭಾಳ ಸಣ್ಣಗ ಇಡ್ತೇನಿ, ನಡೀತೈತೇನ?"

ಮುಸ್ತಾಕ ತಲೆಯಾಡಿಸಿದ. ಹಾಡು ಪಿಸುಗುಟ್ಟುವಷ್ಟು ಸಣ್ಣಗೆ ಬಂತು. ಅವನು ಡ್ರೈವರ್ ಬದಿಯ ಬಾಗಿಲಿಗೆ ಒರಗಿ ನಿಂತಿದ್ದ. ತೊಡೆಗೆ ತಾಗುತ್ತಿದ್ದ ಸ್ಪೀಕರಿನ ಅದುರು ಅವನಿಗೆ ತಿಳಿಯಿತು.

"ಈ ಬಲಗಡೀದು ಚಲೋನ ಹತ್ತೇತಲ್ಲ," ಎಂದ. "ಅಬ್ಬಾ ಇದು ಸತ್ತೈತಂತ ದಿನಾ ಬೈತಿದ್ದ."

"ಅದ ಸ್ಪೀಕರ್ ನನ್ನ ತಲೀ ತಿಂದಿದ್ದು," ಎಂದ ಲಕ್ಷ್ಮಪ್ಪ.

*

ಬೇಸಿಗೆಯಲ್ಲಿ ಅಲ್ಲಾವುದ್ದೀನ ಪಿಕಪ್ಪನ್ನು ಅಂಗಡಿಯ ಮುಂದೆ ಅಡ್ಡ ನಿಲ್ಲಿಸಿ, ಇಳಿಯದೆಯೇ ಕೂಗಿದ್ದ.

"ಲಕ್ಷ್ಮಪ್ಪಾ, ಈ ಕಡೀದು ಮತ್ತ ಸತ್ತತಿ ನೋಡು. ಎಂಥಾ ಮಾಲು ಹಾಕಿ ಕೊಟ್ಟೀಪಾ?"

ಸ್ಪೀಕರನ್ನು ಅದಾಗಲೇ ಬದಲಿಸಿಯಾಗಿತ್ತು. ಲಕ್ಷ್ಮಪ್ಪ ಈ ಸಲ ಸೆಟ್ಟಿನ ಹಿಂದಿನ ವಾಯರುಗಳನ್ನು ಅದಲುಬದಲು ಮಾಡಿದ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಕೊಟ್ಟ. ದೋಷ ಸೆಟ್ಟಿನಲ್ಲಿದ್ದರೆ ಈಗ ಎಡಗಡೆ ಸಾಯಬೇಕು. ಅವನು ಕಲಿತ ವಿದ್ಯೆ ಇಷ್ಟೇ: ಜಾಗ ಬದಲಿಸು, ದೋಷ ಯಾವುದರ ಹಿಂದೆ ಹೋಗುತ್ತದೆ ನೋಡು.

"ಈಗ?"

"ಬಲಗಡೀದ."

ಎರಡೂ ಬಾಗಿಲುಗಳ ಸ್ಪೀಕರುಗಳನ್ನೇ ಬಿಚ್ಚಿ ಅತ್ತದ್ದು ಇತ್ತ ಕೂಡಿಸಿದ.

"ಈಗ?"

"ಬಲಗಡೀದ ಅಂದ್ನೆಲ್ಲೋ."

"ಇಳಿ ಕೆಳಗ." ಲಕ್ಷ್ಮಪ್ಪ ತಾನೇ ಹತ್ತಿ ಕೂತ. ಎರಡೂ ಸೊಗಸಾಗಿ ಹಾಡುತ್ತಿದ್ದವು. ಅವನು ಇಳಿದು, ಅಲ್ಲಾವುದ್ದೀನನ ಹೊಟ್ಟೆಯನ್ನೂ ಸೀಟನ್ನೂ ಒಂದೊಂದು ಸಲ ನೋಡಿದ. ಅವನ ಮುಖ ಅರಳಿತು.

"ಸಿಕ್ತು ನೋಡು! ನಾ ಕುಂತ್ರ ಚಾಲೂ, ನೀ ಕುಂತ್ರ ಬಂದ್. ಸೀಟಿನ ಬುಡಕ ವಾಯರ್ ಹೋಗೇತಿ. ನಿನ್ನ ವಜ್ಜಿಗೆ ಅದು ಅದುಮಾಕತ್ತೇತಿ. ಹೊಟ್ಟಿ ಕರಗಸು, ಸ್ಪೀಕರ್ ತಾನ ಹಾಡತೈತಿ."

ಅಲ್ಲಾವುದ್ದೀನ ಎಡಗೆನ್ನೆಯನ್ನು ಅವನತ್ತ ತಿರುಗಿಸಿ, "ಏನಂದಿ?" ಎಂದ. ಲಕ್ಷ್ಮಪ್ಪ ಮತ್ತೆ ಹೇಳಿದ. ಅಲ್ಲಾವುದ್ದೀನ ನಕ್ಕ, ಆದರೆ ನಡುವೆಯೇ ನಿಲ್ಲಿಸಿಬಿಟ್ಟ. ಲಕ್ಷ್ಮಪ್ಪ ವಾಯರನ್ನು ಸೀಟಿನ ಕೆಳಗಿಂದ ತೆಗೆದು ಗಾಡಿಯ ಛಾವಣಿಯ ಅಂಚಿನಲ್ಲಿ ಎಳೆದು ಕೂಡಿಸುವವರೆಗೂ ಅವನು ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಒಂದು ಬೆರಳಿನಿಂದ ಕಿವಿ ಮುಚ್ಚುತ್ತ, ತೆಗೆಯುತ್ತ ಇದ್ದ.

"ಈಗ ಹೆಂಗೈತಿ?"

"ಚಲೋ ಆತು," ಎಂದ ಅಲ್ಲಾವುದ್ದೀನ. ಸ್ಟೀರಿಯೋದ ದೂರು ತೆಗೆದುಕೊಂಡು ಅವನು ಮತ್ತೆ ಬರಲಿಲ್ಲ.

*

"ಹಂಗಾರ ನೀ ಸ್ಪೀಕರ್ ಬಿಟ್ಟು ಚಾಚಾನ ಕಿವೀನ ಬದಲಿ ಮಾಡಬೇಕಿತ್ತು," ಎಂದ ನವೀದ.

ಅಂದದ್ದು ಏನೆಂದು ಅವನಿಗೇ ಆಮೇಲೆ ಗೊತ್ತಾಯಿತು. ಬಾಯಿ ಒರೆಸಿಕೊಂಡು ಪಕ್ಕಕ್ಕೆ ನೋಡಿದ.

"ಸೆಟ್ ಬದಲಿ ಮಾಡ್ದೆ, ಸ್ಪೀಕರ್ ಬದಲಿ ಮಾಡ್ದೆ," ಎಂದು ಲಕ್ಷ್ಮಪ್ಪ ನಿಧಾನವಾಗಿ ಹೇಳಿದ. "ದೋಷ ಆ ಕಡೀನ ನಿಂತಿತ್ತು. ಆ ಕಡಿ ಮತ್ತೇನ ಉಳೀತು?"

ಅವನು ಸೆಟ್ಟಿನ ಒಂದು ಗುಂಡಿಯನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದ. ಬಲಗಡೆ ಸದ್ದು ನಿಂತು ಇಡೀ ಹಾಡು ಎಡ ಬಾಗಿಲಿನಿಂದ ಬರತೊಡಗಿತು.

"ಇಲ್ಲಿ ಕುಂದರು," ಎಂದು ಮುಸ್ತಾಕನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದ. "ಢೋಲಕ್ ಯಾ ಕಡಿ ಐತಿ?"

"ಎಡಕ್ಕ."

"ಹಾಡಾಂವ?"

"ಅವನೂ ಎಡಕ್ಕ."

"ಎಲ್ಲಾನೂ ಎಡಕ್ಕ. ಒಂದ ಕಿವಿ ಇದ್ದಾವಂಗ ಲೋಕ ಎಲ್ಲಾ ಒಂದ ಕಡೆ."

ಮುಸ್ತಾಕ ಡ್ರೈವರ್ ಸೀಟಿನಲ್ಲಿ ಕೂತೇ ಇದ್ದ. ಬಲಗಡೆಯಿಂದ ಬರುವ ಫೋರ್ಕ್‌ಲಿಫ್ಟು. ಹಾರ್ನು ಎಡಗಡೆಯಿಂದ ಕೇಳುತ್ತದೆ. ಎಡಗಡೆಯಿಂದ ಗಾಡಿ ಬಂದರೆ ಮನುಷ್ಯ ಯಾವ ಕಡೆಗೆ ಸರಿಯುತ್ತಾನೆ?

"ಕತ್ತರಿಸ್ಲೇನ?" ಎಂದ ಲಕ್ಷ್ಮಪ್ಪ.

"ಕತ್ತರಸು."

ಒಳಗೆ ರಹಿಮತಬಿ ಶವದ ಎಡಕ್ಕೆ, ತಲೆಯ ಹತ್ತಿರ ಕೂತಿದ್ದಳು. ಮಗ ಕರೆದಾಗ ಗೋಡೆ ಹಿಡಿದು ಎದ್ದು ಅಡಿಗೆಯ ಮೂಲೆಗೆ ಬಂದಳು.

"ಅಬ್ಬಾಗ ಬಲಕಿವಿ ಕೇಳ್ತಿರಲಿಲ್ಲೇನ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಯಾರು ಹೇಳಿದ್ರು?"

"ಸ್ಟೀರಿಯೋದಾಂವ."

*

ಅದೇ ಬೇಸಿಗೆಯ ಒಂದು ಮುಂಜಾನೆ ಅವಳು ಚಹಾ ಸೋಸಿ, ಗಂಡನ ಬಲಕ್ಕಿದ್ದ ಒಲೆಯ ಹತ್ತಿರದಿಂದ ಅವನನ್ನು ಕೂಗಿದ್ದಳು. ಹಾಸಿಗೆಯ ಮೇಲೆ ಕೂತಿದ್ದ ಅವನು ಎಡಕ್ಕೆ ತಿರುಗಿ, ಅಲ್ಲಿ ಅವಳನ್ನು ಹುಡುಕಿದ್ದ.

"ನಾ ಇಲ್ಲಿ ಅದೀನ್ರಿ. ಗ್ವಾಡ್ಯಾಗ ಯಾರದಾರ?"

ಅವಳು ನಗುತ್ತಿದ್ದಳು. ಅವನು ನಗಲಿಲ್ಲ. ಲೋಟ ತೆಗೆದುಕೊಂಡು, ಕುಡಿಯದೆ ಹಿಡಿದುಕೊಂಡ.

"ರಹಿಮತ, ಮುಂದಿನ ವರ್ಷ ಲೈಸನ್ಸ್ ಹೊಸದು ಮಾಡಸಬೇಕು. ಡಾಕ್ಟರ್ ಕಿವಿ ನೋಡ್ತಾನ. ಯಾರಿಗೂ ಹೇಳಬ್ಯಾಡ. ಮುಸ್ತಾಕಗೂ."

"ಔಷಧಾ ಮಾಡಸ್ರಿ."

"ಮೊದಲ ಮಾತು ಕೊಡು. ಗಾಡಿ ಬಿಟ್ರ ಈ ಊರಾಗ ನಾ ಯಾರು? ಮತ್ತ ಕಲ್ಲ ಹೊರಾಕ ಹೋಗ್ಲ್ಯಾ?"

ಅವಳು ಮಾತು ಕೊಟ್ಟಳು. ಅಂದಿನಿಂದ ಅವನ ಎಡಕ್ಕೇ ನಡೆದಳು, ಎಡಕ್ಕೇ ಕೂತಳು, ಎಡಕ್ಕೇ ಮಲಗಿದಳು. ಮಗ ಅದನ್ನು ಎಂದೂ ಗಮನಿಸಲಿಲ್ಲ.

*

"ಕಿವುಡ ಡ್ರೈವರ್ ಅಂತಾರೋ," ಎಂದಳು ರಹಿಮತಬಿ. "ಇಪ್ಪತ್ತೈದು ವರ್ಷ ಒಂದ ನಾಯೀನೂ ಹಾಯಿಸಿಲ್ಲ ಅಂವ. ಸತ್ತ ಮ್ಯಾಲ ಯಾಕ ಅವನ ಹೆಸರು ಕೆಡಸ್ತಿ?"

"ಹೇಳದಿದ್ರ ಮುತ್ತು ಜೇಲಿಗೆ ಹೋಗ್ತಾನಬೇ."

"ಹಾರ್ನ್ ಹೊಡದಿದ್ನೇನ ಅಂವ?"

"ಹೊಡದಾನ. ಈಗ ನಂಬ್ತೇನಿ."

ಗುಡ್ಡದ ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಅದರ ಸದ್ದಿಗೆ ತಗಡಿನ ಮಾಡು ಅದುರಿತು.

"ಮಾತು ನಾ ಕೊಟ್ಟೀನಿ," ಎಂದಳು ರಹಿಮತಬಿ. "ನೀ ಕೊಟ್ಟಿಲ್ಲ."

ಮತ್ತೆ ಹೋಗಿ ಶವದ ಎಡಕ್ಕೆ ಕೂತಳು.

ಪಿಕಪ್ ಸದ್ದಿಲ್ಲದೆ ಗುಡ್ಡ ಇಳಿಯಿತು. ಲಕ್ಷ್ಮಪ್ಪ ಹಿಂದೆ ಶವವಿದ್ದ ಸಂದೂಕಿನ ಪಕ್ಕ, ಬೇರೆಯವರ ಜೊತೆ ಕೂತಿದ್ದ. ಮುತ್ತು ಅವರಿಗಿಂತ ಮೊದಲೇ ಬಂದು, ಕಬರಸ್ತಾನದ ಗೇಟಿನ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ಕೆಲಸದ ಅಂಗಿಯನ್ನೂ ಬದಲಿಸಿರಲಿಲ್ಲ. ನವೀದ ಅವನ ಮುಂದಿನಿಂದ ತಲೆ ಎತ್ತದೆ ಹಾದುಹೋದ.

ಸಾಲುಗಳು ನಿಂತವು. ನಮಾಜಿಗೆ ಮೊದಲು ಮೌಲಾನಾ ತಿರುಗಿ, "ವಾರಸುದಾರ ಬರ್ರಿ," ಎಂದರು. ಇದು ಎಲ್ಲ ಮಯ್ಯತ್ತಿನಲ್ಲೂ ಹೇಳುವ ಮಾತು. ಮುಸ್ತಾಕನೂ ಅದನ್ನು ಎಷ್ಟೋ ಸಲ ಕೇಳಿದ್ದ. ಮುಂದೆ ಬಂದು ಹೇಳಿದ.

"ನಮ್ಮ ಅಬ್ಬಾನಿಂದ ಯಾರಿಗಾರ ನೋವಾಗಿದ್ರ ಮಾಫ್ ಮಾಡ್ರಿ. ಅವನ ಮ್ಯಾಲ ಯಾರದಾರ ಸಾಲ, ಹಕ್ಕಿದ್ರ ನಂಗ ಹೇಳ್ರಿ."

ಜನ ತಲೆಯಾಡಿಸಿದರು. ಮೌಲಾನಾ ಮುಂದಕ್ಕೆ ತಿರುಗಿದರು. ಮುಸ್ತಾಕ ಸಾಲಿಗೆ ಮರಳಲಿಲ್ಲ.

"ಇನ್ನೊಂದು ಐತ್ರಿ. ಅಬ್ಬಾಗ ಬಲಕಿವಿ ಕೇಳ್ತಿರಲಿಲ್ಲ. ನಾವು ಮನಿ ಮಂದಿ ಮುಚ್ಚಿಟ್ಟಿದ್ವಿ. ಮುತ್ತು ಹಾರ್ನ್ ಹೊಡದಾನ. ಅಬ್ಬಾಗ ಅದು ಎಡಕ್ಕ ಕೇಳಿಸಿ ಬಲಕ್ಕ ಸರದಾನ. ಠಾಣೇದಾಗೂ ನಾ ಇದನ್ನ ಹೇಳಾಂವ."

ಹಿಂದಿನ ಸಾಲಿನಲ್ಲಿ ಯಾರೋ, "ಕಿವಿ ಕೇಳದಾಂವ ಗಾಡಿ ಹೊಡೀತಿದ್ನಾ?" ಎಂದು ಗೊಣಗಿದರು. ಆ ಮಾತು ಅವನಿಗೆ ಕೇಳಿಸಿತು. ಅವನು ಸಾಲಿಗೆ ಮರಳಿ ನಿಂತ. ನಮಾಜು ನಡೆಯಿತು.

ಗೋರಿಯೊಳಕ್ಕೆ ಮುಸ್ತಾಕ ಮತ್ತು ನವೀದ ಇಳಿದರು. ಕೆಂಪು ಮಣ್ಣು, ನಡುನಡುವೆ ಜಂಬಿಟ್ಟಿಗೆಯ ಚೂಪು ಮೂಲೆಗಳು. ಭಾರದ ದೇಹವನ್ನು ಇಳಿಸಿಕೊಳ್ಳುವಾಗ ಇಬ್ಬರ ಮೊಣಕೈಗಳೂ ತರಚಿದವು. ನವೀದ ಮೇಲೆ ಹತ್ತಿದ. ಮುಸ್ತಾಕ ತಲೆಯ ಕಡೆ ಕೂತು ಶವಕ್ಕೆ ಸುತ್ತಿದ್ದ ಕಫನಿನ ಗಂಟು ಬಿಚ್ಚಿದ. ಪದ್ಧತಿಯಂತೆ ತಂದೆಯ ಮುಖವನ್ನು ಬಲಕ್ಕೆ, ಪಶ್ಚಿಮದ ಕಡೆಗೆ ತಿರುಗಿಸಿದ. ಕೆನ್ನೆಯ ಕೆಳಗೆ ಮಣ್ಣಿನ ಹೆಂಟೆಯೊಂದನ್ನು ಇಟ್ಟ. ಬಲಗಿವಿ ಮಣ್ಣಿನಲ್ಲಿ ಹೂತುಹೋಯಿತು. ಎಡಗಿವಿ ಮೇಲಾಯಿತು.

"ಹಲಗಿ ಕೊಡ್ರಿ," ಎಂದ.

ಮೇಲೆ ಹಲಗೆಗಳು ಕೈಯಿಂದ ಕೈಗೆ ಬರತೊಡಗಿದವು. ಅವನು ಗೋರಿಯ ಒಳ ಅಂಚಿನ ಮೇಲೆ ನಿಂತು, ಕಾಲಿನ ಕಡೆಯಿಂದ ಒಂದೊಂದೇ ಅಡ್ಡ ಇಡುತ್ತ ಬಂದ. ಕೊನೆಯ ಹಲಗೆ ಕೆಳಗೆ ಬರಲು ತಡವಾಯಿತು. ತಲೆ ಎತ್ತಿದ. ಉಗುರುಗಳಲ್ಲಿ ಗ್ರೀಸ್ ಕೂತಿದ್ದ ಮುತ್ತುವಿನ ಎರಡು ಕೈಗಳು ಹಲಗೆಯನ್ನು ಹಿಡಿದಿದ್ದವು. ಪಕ್ಕದಲ್ಲಿ ನವೀದನ ಕೈ ಅದಕ್ಕೆ ಆನಿಕೆ ಕೊಟ್ಟಿತ್ತು. ಮುಸ್ತಾಕ ಹಲಗೆ ತೆಗೆದುಕೊಂಡ. ಕೆಳಗೆ ತಂದೆಯ ಎಡಗಿವಿಯ ಮೇಲೆ ಒಂದು ಗೇಣು ಬಿಸಿಲು ಬಿದ್ದಿತ್ತು. ಅದರ ಮೇಲೆ ಹಲಗೆಯನ್ನು ಮೆಲ್ಲಗೆ, ಸದ್ದಾಗದಂತೆ ಇಟ್ಟ.