ದಸ್ತಗೀರಬಿ ಮಾಡದ ಸೂಜಿ

ಇಳಕಲ್ಲಿನಲ್ಲಿ ಡಾಕ್ಟರು ಎಷ್ಟೇ ಓದಿಕೊಂಡಿರಲಿ, ಸೂಜಿ ಮಾಡದೆ ಬರೀ ಗುಳಿಗೆ ಬರೆದುಕೊಟ್ಟರೆ ಅವನು ಡಾಕ್ಟರೇ ಅಲ್ಲ. ಸೂಜಿ ಚುಚ್ಚಬೇಕು, ಒಂದಿಷ್ಟು ನೋಯಬೇಕು, ಆಗಲೇ ರೋಗಕ್ಕೆ ಬುದ್ಧಿ ಬರುತ್ತದೆ ಎಂಬುದು ಮಂದಿಯ ತಿಳಿವಳಿಕೆ. ಆ ಸೂಜಿಯನ್ನು ದಸ್ತಗೀರಬಿ ಮಾಡಿದರಂತೂ ಅರ್ಧ ರೋಗ ಅಲ್ಲಿಯೇ ಹೋದ ಹಾಗೆ. ಸರಕಾರಿ ದವಾಖಾನೆಯಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿದ್ದವಳು. ನಿವೃತ್ತಿಯಾಗಿ ಆರು ವರ್ಷವಾದರೂ ಜನ ಮನೆ ಹುಡುಕಿಕೊಂಡು ಬರುತ್ತಿದ್ದರು. ಆಕೆಯ ಕೈಗುಣ ಅಂಥದು ಎನ್ನುತ್ತಿದ್ದರು. ಆಕೆಯೂ ಅಲ್ಲಗಳೆಯುತ್ತಿರಲಿಲ್ಲ, ಹೊಗಳಿಕೆ ಯಾರಿಗೆ ಬೇಡ?

ಹೀಗಾಗಿ ಗ್ರಾನೈಟ್ ಫ್ಯಾಕ್ಟರಿಯ ಸಾವಕಾರ ಗುರಪ್ಪ ತನ್ನ ಇಪ್ಪತ್ತೆಂಟು ಕೆಲಸಗಾರರಿಗೆ ಚಳಿಗಾಲದ ಕೆಮ್ಮು ತಡೆಯುವ ಸೂಜಿ ಮಾಡಿಸಬೇಕೆಂದಾಗ ಆಕೆಗೇ ಹೇಳಿಕಳಿಸಿದ. ಆಕೆಯ ಮಗ ಅಫ್ಜಲ ಅದೇ ಫ್ಯಾಕ್ಟರಿಯಲ್ಲಿ ಕೈ ಗ್ರೈಂಡರ್ ಹಿಡಿದು ಕಲ್ಲಿನ ಅಂಚು ತೀಡುವವನು. ದೀಪಾವಳಿ ಕಳೆಯುತ್ತಲೇ ಅವನ ಕೆಮ್ಮು ಶುರು, ಶಿವರಾತ್ರಿಗೆ ಕಡಿಮೆ. ಮೂರು ವರ್ಷದಿಂದ ಹೀಗೇ ನಡೆದಿತ್ತು. ಈ ವರ್ಷ ಅವನು ಕೆಮ್ಮುವುದನ್ನು ಕೇಳಿ ಆಕೆ ನಡುರಾತ್ರಿ ಎದ್ದು ಕೂರುತ್ತಿದ್ದಳು. ಮಗನ ಎದೆ ಉಳಿಸುವ ಸೂಜಿ ನಿಜವಾಗಿಯೂ ಇದ್ದರೆ ಮೊದಲು ತಾನೇ ಮಾಡುತ್ತೇನೆ ಎಂದುಕೊಂಡು ಹೊರಟಳು.

ಫ್ಯಾಕ್ಟರಿಯಲ್ಲಿ ನಿತಿನ ಎಂಬ ಏಜೆಂಟ್ ಬಾಗಲಕೋಟೆಯಿಂದ ಬಂದು ಐಸ್ ಡಬ್ಬಿ ತೆರೆದು ಕುಳಿತಿದ್ದ. ಇಸ್ತ್ರಿ ಅಂಗಿ, ಟೈ, ಮಾತಿಗೊಮ್ಮೆ ಮೇಡಂ.

"ಇದು ಪೆಪ್ಟೈಡ್ ರೀ ಮೇಡಂ. ಪ್ರೋಟೀನಿನ ಸಣ್ಣ ತುಣುಕು ಇದ್ದಂಗ. ಮೈಯಾಗ ಹೋಗಿ ರೋಗ ತಡಿಯೋ ಶಕ್ತಿನ ಎಬ್ಬಸ್ತೈತಿ. ಥಂಡಿ ಏನೂ ಮಾಡಂಗಿಲ್ಲ."

"ಪೆಪ್ಟೈಡ್ ನನಗ ಗೊತ್ತೈತಿ, ತಮ್ಮಾ. ಸಕ್ಕರಿ ಬ್ಯಾನಿಗಿ ಮಾಡೋ ಇನ್ಸುಲಿನ್ನೂ ಅದ ಜಾತಿದು. ಅದಕ್ಕ ಡಾಕ್ಟರ್ ಚೀಟಿ ಇರ್ತೈತಿ. ಇದಕ್ಕ ಯಾರ ಚೀಟಿ ಐತಿ?"

ನಿತಿನ ನಕ್ಕ. ದಸ್ತಗೀರಬಿ ಕನ್ನಡಕ ಏರಿಸಿ ಸೀಸೆಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿದಳು. ಪ್ರಯೋಗಾಲಯದ ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸುವಂತಿಲ್ಲ ಎಂದು ಅದರಲ್ಲಿತ್ತು.

"ತಮ್ಮಾ, ಇಲ್ಲಿ ನಿಂತವರು ಮನಷ್ಯಾರಲ್ಲೇನ?"

"ಅದು ಕಾಯ್ದೆಕ್ಕಂತ ಬರದಿರ್ತಾರ್ರೀ, ಮೇಡಂ. ಎಲ್ಲಾ ಕಡೆ ನಡದೈತಿ."

ಆಕೆ ಆ ಇಪ್ಪತ್ತೆಂಟು ಮಂದಿಯ ಕಡೆ ತಿರುಗಿದಳು. ಹುಬ್ಬು, ರೆಪ್ಪೆ, ಮೂಗಿನ ಕೂದಲು ಕೂಡ ಕಲ್ಲಿನ ಧೂಳಿನಿಂದ ಬಿಳಿ. ಇದೇ ಶೆಡ್ಡಿನಲ್ಲಿ ಕಲ್ಲು ತೀಡುತ್ತಿದ್ದ ಆಕೆಯ ಗಂಡ ಬಾಬುಸಾಬ ಬದುಕಿದ್ದಾಗ ಚಳಿಗಾಲದಲ್ಲಿ ಹೀಗೇ ಮನೆಗೆ ಬರುತ್ತಿದ್ದ. ಅಲ್ಲಿಯೇ ಆಕೆಯ ಕಣ್ಣಿಗೆ ಇನ್ನೊಂದು ಬಿತ್ತು. ಗ್ರೈಂಡರುಗಳಿಗೆ ನೀರು ತರುವ ಪೈಪುಗಳೆಲ್ಲ ಸುತ್ತಿ ಮೊಳೆಗೆ ನೇತು ಬಿದ್ದಿದ್ದವು. ನೆಲ ಪೂರ್ತಿ ಒಣಗಿತ್ತು.

"ನೀರ ಯಾಕ ಬಿಟ್ಟಿಲ್ಲ?"

ಅಫ್ಜಲನೇ ಉತ್ತರ ಕೊಟ್ಟ. "ಥಂಡ್ಯಾಗ ನೀರ ಬಿಟ್ರ ಕೈ ಸೆಟದು ಹೋಗ್ತಾವಮ್ಮಾ. ಮ್ಯಾಲೆ ಕೆಮ್ಮೂ ಬರ್ತೈತಿ. ದೀಪಾವಳಿಗಿ ನಾವ ನಳ ಬಂದ್ ಮಾಡ್ತೇವಿ, ಶಿವರಾತ್ರಿಗಿ ಚಾಲೂ ಮಾಡ್ತೇವಿ."

ನೀರಿದ್ದರೆ ಕಲ್ಲಿನ ಪುಡಿ ಕೆಸರಾಗಿ ಕಾಲ ಕೆಳಗೆ ಹರಿಯುತ್ತದೆ, ನೀರಿಲ್ಲದಿದ್ದರೆ ಮೂಗಿನೊಳಗೆ ಹೋಗುತ್ತದೆ. ಕೆಮ್ಮಿಗೆ ಹೆದರಿ ನಳ ನಿಲ್ಲಿಸಿದವರು ಕೆಮ್ಮನ್ನೇ ಕರೆದು ಕೂರಿಸಿಕೊಂಡಿದ್ದರು. ಮಗನ ಕೆಮ್ಮಿನ ತಿಥಿ ವಾರ ನಳದ ತಿಥಿ ವಾರವೇ ಆಗಿತ್ತು. ದಸ್ತಗೀರಬಿಗೆ ಸಿಟ್ಟು ನೆತ್ತಿಗೇರಿತು.

"ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದಂಗಾತು. ಈ ಸೂಜಿ ನಾ ಮಾಡಂಗಿಲ್ಲ, ಗುರಪ್ಪಾ. ಮೊದಲ ನಳ ಬಿಡಸು."

ಗುರಪ್ಪನ ಮುಖ ಕೆಂಪಾಯಿತು. ಅವನು ಕೆಟ್ಟವನಲ್ಲ, ಪುಣ್ಯದ ಕೆಲಸ ಮಾಡಲು ಹೊರಟಾಗ ಎಲ್ಲರೆದುರು ಬೈಸಿಕೊಳ್ಳುವುದು ಯಾರಿಗೂ ಸೇರದು. "ನನ್ನ ಮಂದಿ ಚಂದ ಇರ್ಲಿ ಅಂತ ಮಾಡಸಾಕತ್ತೇನ್ರಿ ನರ್ಸಬಾಯಾರ. ನೀವು ದೊಡ್ಡವರಂತ ಸುಮ್ಮನಿದ್ದೇನಿ."

"ನಿಮ್ಮವ್ವಗ ಹೆರಿಗಿ ಮಾಡಿಸಿದಾಕಿ ನಾನ. ಅವತ್ತ ನೀ ಕಾಲ ಮುಂದ ಮಾಡಿ ಬಂದಿದ್ದಿ. ಇವತ್ತೂ ನಿಂದೆಲ್ಲಾ ಉಲ್ಟಾನ ಐತಿ."

ಒಂದಿಬ್ಬರು ಕಿಸಕ್ಕನೆ ನಕ್ಕರು. ಉಳಿದವರು ಗೊಣಗಿದರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಮಂದಿಗೆ ಕೈಗೆ ಬಂದ ಸೂಜಿ ತಪ್ಪಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅಫ್ಜಲ ತಾಯಿಯ ಹತ್ತಿರ ಬಂದು ಹಲ್ಲು ಕಚ್ಚಿ ಅಂದ, "ಅಮ್ಮಾ, ಮನಿಗಿ ನಡಿ. ನಾಳೆ ನಾ ಇಲ್ಲಿ ಮಾರಿ ಹ್ಯಾಂಗ ತೋರಸ್ಲಿ?"

ಆಕೆ ಮನೆಗೆ ಹೋಗಲಿಲ್ಲ. ಮೊಳೆಯ ಮೇಲಿನ ಪೈಪು ಇಳಿಸಿ ಹೆಗಲಿಗೆ ಹಾಕಿಕೊಂಡಳು.

"ಎಂಟ ದಿವಸ ನಾ ಇಲ್ಲಿ ನೀರ ಹಿಡಕೊಂಡು ನಿಲ್ತೇನಿ. ನನಗ ಅರವತ್ತಾರು. ಥಂಡಿ ನೀರಿಗಿ ಕೆಮ್ಮು ಬರೋದ ಖರೆ ಇದ್ರ ಮೊದಲ ನನಗ ಬರ್ಲಿ. ಬಂದ್ರ ಮತ್ತ ಈ ಕಡೆ ಹಾಯಂಗಿಲ್ಲ, ಬರಲಿಲ್ಲಂದ್ರ ನೀವ ನಳ ಬಿಡಬೇಕು. ಅಲ್ಲೀತನಕ ಯಾರಿಗೂ ಸೂಜಿ ಇಲ್ಲ."

ಮುದುಕಿ ಎರಡು ದಿನಕ್ಕೆ ಸಾಕಾಗಿ ಹೋಗುತ್ತಾಳೆ ಎಂದುಕೊಂಡು ಗುರಪ್ಪ ಹೂಂ ಅಂದ. ಹಿಡಿದ ಹಟ ಬಿಡುವ ಪೈಕಿ ಅಲ್ಲ ಆಕೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಮರುದಿನದಿಂದ ಬೆಳಿಗ್ಗೆ ಎಂಟಕ್ಕೆ ಹಾಜರು. ಅಫ್ಜಲ ಮಾತು ಬಿಟ್ಟ. ಒಂದು ಕಲ್ಲು ಬಿಟ್ಟು ಇನ್ನೊಂದಕ್ಕೆ ಹೋದ, ಶೆಡ್ಡಿನ ಆ ತುದಿಗೂ ಹೋದ. ಅವನು ಎಲ್ಲಿ ಗ್ರೈಂಡರ್ ಇಟ್ಟರೆ ಅಲ್ಲಿಗೆ ಆಕೆಯ ಪೈಪು ಬಂತು. ಸೀರೆಯ ನಿರಿಗೆ ಮೊಣಕಾಲಿನವರೆಗೆ ಒದ್ದೆ, ಬೆರಳುಗಳು ನೀಲಿ.

ಮೂರನೆಯ ದಿನ ಆಕೆಯೇ ಎಲ್ಲರಿಗೂ ಕೇಳುವಂತೆ ಅಂದಳು, "ಕೈ ಸೆಟಿಯೋದು ಖರೆ ಐತಿ. ಅದು ಸುಳ್ಳಲ್ಲ. ಗುರಪ್ಪಾ, ಸೂಜಿಗಿ ರೊಕ್ಕ ಸುರುವೋ ಬದಲಿ ಇವರಿಗಿ ರಬ್ಬರ್ ಕೈಗವಸು ತರಸು, ಒಂದು ಡ್ರಮ್ ನೀರ ಕಾಸು." ಗುರಪ್ಪ ಕೇಳಿಸದವನಂತೆ ಫೋನು ಕಿವಿಗಿಟ್ಟುಕೊಂಡ. ನಾಲ್ಕನೆಯ ದಿನ ಆಕೆ ಐದು ಸಲ ಸೀನಿದಾಗ ಯಾರೋ ಚಪ್ಪಾಳೆ ತಟ್ಟಿದರು. "ಸೀನಿಗೂ ಕೆಮ್ಮಿಗೂ ಫರಕ ಗೊತ್ತಿಲ್ಲೇನಲೇ?" ಎಂದು ಆಕೆ ಮೂಗು ಒರೆಸಿಕೊಂಡು ಮತ್ತೆ ಪೈಪು ಹಿಡಿದಳು. ಕೆಮ್ಮು ಬರಲಿಲ್ಲ.

ಗುರಪ್ಪನಿಗೆ ಎಂಟು ದಿನ ಕಾಯುವ ತಾಳ್ಮೆ ಇರಲಿಲ್ಲ. ಆರನೆಯ ದಿನ ಹುನಗುಂದದಿಂದ ಫಾರೂಕ ಎಂಬ ಕಂಪೌಂಡರನನ್ನು ಕರೆಸಿದ. ಮೇಜು ಹಾಕಿಸಿ, ಸೀಸೆ ಜೋಡಿಸಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. "ನರ್ಸಬಾಯಾರ ಮಗಾನ ಮೊದಲ ಬರ್ಲಿ," ಅಂದ.

ಮಗ ತೋಳು ಏರಿಸುತ್ತ ಮೇಜಿನ ಕಡೆ ನಡೆದ. ಇನ್ನೆರಡು ಹೆಜ್ಜೆ ಇರುವಾಗ ನಿಂತು, ಆರು ದಿನಗಳಲ್ಲಿ ಮೊದಲ ಸಲ ತಾಯಿಯ ಮುಖ ನೋಡಿದ.

"ಅಮ್ಮಾ, ಎಲ್ಲಾರ ಮುಂದ ಒಂದು ಕೇಳ್ತೇನಿ. ಅಬ್ಬಾಗ ಥಂಡ್ಯಾಗ ನೀನ ಸೂಜಿ ಮಾಡ್ತಿದ್ದಿ. ನಾ ಸಣ್ಣಾಂವ ಇದ್ದಾಗ ನೋಡೇನಿ. ಅವಾಗ ನಡೀತಿತ್ತು, ನನಗ ಯಾಕ ಬ್ಯಾಡ?"

ಈ ಮಾತಿಗೆ ನಿಜ ಹೇಳಿದರೆ ನಲವತ್ತು ವರ್ಷ ಊರು ಕಟ್ಟಿಕೊಟ್ಟ ಹೆಸರು ಒಂದೇ ಬೆಳಿಗ್ಗೆ ಮಣ್ಣುಪಾಲು. ಆಕೆಗೆ ಅದರ ಆಸೆ ಇರಲಿಲ್ಲವೆಂದಲ್ಲ, ಬಹಳ ಇತ್ತು. ಆದರೂ ತಲೆ ಎತ್ತಿಯೇ ಹೇಳಿದಳು.

"ಹನ್ನೊಂದು ಥಂಡಿ ಮಾಡಿದೆ, ಅಫ್ಜಲ. ಒಳ್ಳೆ ಔಷಧನ ಇತ್ತು, ಡಾಕ್ಟರ್ ಬರದದ್ದ ಇತ್ತು. ನನ್ನ ಕೈಗುಣ ಅಂತ ಮಂದಿ ಅಂದ್ರು, ನಾನೂ ನಂಬಿದೆ. ಅವನ ಅಂಗಿ ಮ್ಯಾಲಿನ ಧೂಳ ದಿನಾ ಝಾಡಿಸಿ ಒಗದೆ, ಎದಿ ಒಳಗ ಹೊಂಟ ಧೂಳ ಎಲ್ಲಿಂದ ಬರಾಕತ್ತೈತಿ ಅಂತ ಒಂದ ದಿನ ಇಲ್ಲಿಗಿ ಬಂದು ನೋಡಲಿಲ್ಲ. ಹನ್ನೆರಡನೇ ಥಂಡಿಗಿ ನಿಮ್ಮಬ್ಬಾ ಇರಲಿಲ್ಲ."

ಫಾರೂಕ ಸಿರಿಂಜು ಹಿಡಿದುಕೊಂಡೇ ಗುರಪ್ಪನ ಕಡೆ ನೋಡಿದ. ಗುರಪ್ಪ ನೆಲ ನೋಡಿದ. ಸಾಲಿನಲ್ಲಿದ್ದ ಏಳೆಂಟು ಮಂದಿ ಮುಂದೆ ಹೋಗಿ ತೋಳು ಚಾಚಿಯೇ ಚಾಚಿದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ಅಫ್ಜಲ ಏರಿಸಿದ ತೋಳು ಇಳಿಸಿದ. ತನ್ನ ಕಲ್ಲಿನ ಹತ್ತಿರ ಹೋಗಿ ನಳಕ್ಕೆ ಕೈ ಹಾಕಿ ಅರ್ಧ ತಿರುಗಿಸಿದ. ನೀರು ದಾರದಷ್ಟು ಸಣ್ಣಗೆ ಬಂತು.

"ಅಂಜಿಕೋತ ಬ್ಯಾಡಲೇ," ತಾಯಿ ಗದರಿದಳು. "ಪೂರಾ ಬಿಡು!"

ಅವನು ಪೂರಾ ಬಿಟ್ಟ.